ಶ್ರೀರಂಗಪಟ್ಟಣ: ಜಗಳಕ್ಕೆ ಬೇಕು, ಇಳಿಯೋಕೆ ಬೇಡ

ಕರ್ನಾಟಕದಲ್ಲಿ ಇತಿಹಾಸದ ಹೆಸರಲ್ಲಿ ಜಗಳ ಆಡ್ಬೇಕು ಅಂದ್ರೆ ಶ್ರೀರಂಗಪಟ್ಟಣದಷ್ಟು ಅನುಕೂಲದ ಊರು ಇನ್ನೊಂದಿಲ್ಲ ಬಿಡಿ. ಎಲ್ಲಾ ಒಂದೇ ಕಡೆ ರೆಡಿ ಇದೆ. ದೇವಸ್ಥಾನ ಇದೆ, ಮಸೀದಿ ಇದೆ, ಒಡೆಯರು, ಹೈದರ್, ಟಿಪ್ಪು, ಇಂಗ್ಲಿಷರು ಎಲ್ರೂ ಇದ್ದಾರೆ, ಸುತ್ತ ಕಾವೇರಿ ಬೇರೆ. ರಾತ್ರಿ ಒಂಬತ್ತಕ್ಕೆ ಟಿವಿಲಿ ಕೂತು ಗಂಟಲು ಹರ್ಕೊಳ್ಳೋ ಇತಿಹಾಸತಜ್ಞರಿಗೆ ಈ ಊರು ಬಾಯಿಪಾಠ. ಊರಿಗೆ ಬಂದಿದೀರಾ ಸಾರ್ ಅಂತ ಮಾತ್ರ ಕೇಳ್ಬೇಡಿ, ಪಾಪ, ಮೈಸೂರಿಗೆ ಹೋಗೋವಾಗ ನೋಡಿರ್ತಾರೆ, ಕಾರಿನ ಕಿಟಕಿಯಿಂದ.

ಟಿಪ್ಪು ಜಯಂತಿ ನೆನಪಿದೆಯಲ್ಲ? 2015ರಲ್ಲಿ ಸರ್ಕಾರಾನೇ ಶುರು ಮಾಡ್ತು, 2019ರಲ್ಲಿ ಸರ್ಕಾರಾನೇ ನಿಲ್ಲಿಸ್ತು. ಮಾಡಿದಾಗ ಒಬ್ರು ಬೀದಿಗಿಳಿದ್ರು, ನಿಲ್ಲಿಸಿದಾಗ ಇನ್ನೊಬ್ರು. ಈ ಎರಡೂ ಗಲಾಟೆ ಮಧ್ಯೆ ಕೋಟೆ ಗೋಡೆ ಸಂದೀಲಿ ಹುಟ್ಟಿದ್ದ ಅರಳಿ ಗಿಡ ಯಾವ ಪಕ್ಷಕ್ಕೂ ಸೇರದೆ ಆರಾಮಾಗಿ ಮರ ಆಯ್ತು. ಆಮೇಲೆ 2022ರಲ್ಲಿ ಟಿಪ್ಪು ಎಕ್ಸ್‌ಪ್ರೆಸ್ ಹೋಗಿ ಒಡೆಯರ್ ಎಕ್ಸ್‌ಪ್ರೆಸ್ ಬಂತು. ಬೋಗಿ ಅದೇ, ಹಳಿ ಅದೇ, ಆ ಹಳಿ ಹಾದು ಹೋಗೋದು ಇದೇ ಕೋಟೆ ಒಳಗಿಂದ, ಒಡೆಯರು ಆಳಿದ್ದೂ ಇಲ್ಲಿಂದಲೇ ಟಿಪ್ಪು ಆಳಿದ್ದೂ ಇಲ್ಲಿಂದಲೇ, ಆದ್ರೆ ರೈಲಿನ ಬೋರ್ಡ್ ಮೇಲೆ ಯಾರ ಹೆಸರು ಅನ್ನೋದಕ್ಕೆ ನಮ್ಮ ಜನ ವಾಟ್ಸಾಪಲ್ಲಿ ಮೈಸೂರು ಯುದ್ಧಗಳ ಐದನೇ ಕಂತನ್ನ ಹೊಡೆದಾಡಿ ಮುಗಿಸಿದ್ರು. ನಾಲ್ಕನೇದೇ ಕೊನೆ ಅಂತ ಸ್ಕೂಲಲ್ಲಿ ಸುಮ್ನೆ ಹೇಳ್ಕೊಟ್ಟಿದ್ದು.

ಒಂದ್ಸಲ ತಣ್ಣಗೆ ಕೂತು ಲೆಕ್ಕ ಹಾಕಿ. ಗಂಗರ ಕಾಲದಲ್ಲಿ ತಿರುಮಲಯ್ಯ ಕಟ್ಟಿಸಿದ ರಂಗನಾಥನ ಗುಡಿ ಇಲ್ಲಿಯ ಮೊದಲ ದೊಡ್ಡ ದಾಖಲೆ. ಕಾವೇರಿಯ ಮೂರು ರಂಗರಲ್ಲಿ ಇದು ಆದಿರಂಗ. ಆಮೇಲೆ ಹೊಯ್ಸಳರು, ಆಮೇಲೆ ವಿಜಯನಗರದವರ ಪ್ರತಿನಿಧಿ ಕೂತು ಈ ಸೀಮೆನೆಲ್ಲ ಆಳಿದ್ದು ಇಲ್ಲಿ. 1610ರಲ್ಲಿ ರಾಜ ಒಡೆಯರು ಅದನ್ನ ವಶ ಮಾಡ್ಕೊಂಡ್ರು, ದಸರಾ ಶುರು ಮಾಡಿದ್ದೂ ಇಲ್ಲೇ. ಈಗ ದಸರಾ ಎಲ್ಲಿದೆ? ಮೈಸೂರಲ್ಲಿ. ಶ್ರೀರಂಗಪಟ್ಟಣಕ್ಕೂ ಒಂದು ದಸರಾ ಇದೆ ಸ್ವಾಮಿ, ಇಲ್ಲ ಅನ್ನಲ್ಲ. ಕಿರಂಗೂರು ಬನ್ನಿಮಂಟಪದಿಂದ ಮೆರವಣಿಗೆ ಹೊರಡುತ್ತೆ, ಅದಕ್ಕೆ ಆನೆ ಬರೋದು ಮೈಸೂರಿಂದ. ಹುಟ್ಟಿಸಿದೋರು ತಮ್ಮ ಹಬ್ಬಕ್ಕೆ ತಾವೇ ಆನೆ ಎರವಲು ತರೋ ಸ್ಥಿತಿ, ಸಂಜೆಗೆ ವಾಪಸ್ ಕಳಿಸ್ಬೇಕು.

1799ರ ಮೇ 4ಕ್ಕೆ ಕೋಟೆ ಬಿತ್ತು, ಟಿಪ್ಪು ಸತ್ತ. ರಾಜಧಾನಿ ಮೈಸೂರಿಗೆ ಹೋಯ್ತು. ದ್ವೀಪವನ್ನ ಕಂಪನಿಯೋರು ತಮ್ಮ ಹತ್ರನೇ ಇಟ್ಕೊಂಡು ದಂಡು ಕೂರಿಸಿದ್ರು. ಟಿಪ್ಪುನ ಸೋಲಿಸಿದ ಆ ದಂಡಿನೋರಿಗೆ ಶ್ರೀರಂಗಪಟ್ಟಣದ ಸೊಳ್ಳೆನ ಸೋಲಿಸೋಕೆ ಆಗ್ಲಿಲ್ಲ ನೋಡಿ, ಜ್ವರ ತಡೀಲಾರದೆ 1809ರಲ್ಲಿ ಗಂಟುಮೂಟೆ ಕಟ್ಕೊಂಡು ಬೆಂಗಳೂರಿಗೆ ಓಡಿದ್ರು. ಅದೇ ಬೆಂಗಳೂರಿನ ದಂಡು ಪ್ರದೇಶ ಆಯ್ತು. ಅಂದ್ರೆ ಇವತ್ತು ಎಂ.ಜಿ. ರೋಡಲ್ಲಿ ನಿಂತು ಇನ್ನೂರು ರೂಪಾಯಿ ಕಾಫಿ ಕುಡಿಯೋ ಪ್ರತಿಯೊಬ್ರೂ ಶ್ರೀರಂಗಪಟ್ಟಣದ ಒಂದು ಸೊಳ್ಳೆಗೆ ಋಣಿಗಳು. ಪ್ರತಿಮೆ ಹುಚ್ಚಿನ ಈ ರಾಜ್ಯದಲ್ಲಿ ಆ ಸೊಳ್ಳೆಗೆ ಒಂದು ಪ್ರತಿಮೆ ಇಲ್ಲ. ಜಾತಿ ಯಾವ್ದು ಅಂತ ಗೊತ್ತಾಗಿಲ್ಲ ಅನ್ಸುತ್ತೆ.

ಟಿಪ್ಪು ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನ ಇದ್ರು ಅಂತ, ಕಂಪನಿ ಪರವಾಗಿ ಈ ಸೀಮೆ ಸುತ್ತಿ ವರದಿ ಬರೆದ ಬುಕನನ್ ಅಂದಾಜು ಮಾಡಿದ್ದ, 1800ರಲ್ಲಿ ಅವನು ಬಂದಾಗ ಉಳಿದಿದ್ದು ಮೂವತ್ತೆರಡು ಸಾವಿರದಷ್ಟು. ಜನ ಹೋದ್ರು, ಸಾಮಾನೂ ಹೋಯ್ತು. ಟಿಪ್ಪುವಿನ ಮರದ ಹುಲಿ ಲಂಡನ್ ಮ್ಯೂಸಿಯಮ್ಮಲ್ಲಿ ಇವತ್ತಿಗೂ ಅದೇ ಸೋಜರನ ಕುತ್ತಿಗೆ ಮೇಲೆ ಕೂತಿದೆ. ಮಲಗೋ ಕೋಣೆಲಿ ಸಿಕ್ಕಿದ ಕತ್ತಿ 2023ರ ಮೇ ತಿಂಗಳಲ್ಲಿ ಅಲ್ಲೇ ಹರಾಜಾಗಿ 1 ಕೋಟಿ 40 ಲಕ್ಷ ಪೌಂಡಿಗೆ ಹೋಯ್ತು. ಆ ಕೋಣೆ ಇದ್ದ ಲಾಲ್ ಮಹಲ್ ಅರಮನೆ? ರಂಗನಾಥನ ಗುಡಿ ಹತ್ರ ಅದರ ತಳಪಾಯ ಇದೆ, ಹೋಗಿ ನೋಡಿ, ಹುಲ್ಲು ಚೆನ್ನಾಗಿ ಬೆಳೆದಿರುತ್ತೆ. ಕತ್ತಿಗೆ ನೂರು ಕೋಟಿಗೂ ಮೇಲೆ, ಕತ್ತಿ ಇದ್ದ ಮನೆಗೆ ಒಂದು ನೀಲಿ ಬೋರ್ಡು.

ಆ ನೀಲಿ ಬೋರ್ಡಿನ ಬಗ್ಗೆ ಹೇಳ್ಲೇಬೇಕು. ಸ್ಮಾರಕಕ್ಕೆ ಹಾನಿ ಮಾಡಿದ್ರೆ ಜೈಲು, ದಂಡ ಅಂತ ಬರೆದಿರುತ್ತೆ. ಅದರ ಹಿಂದಿನ ಗೋಡೆ ಮೇಲೆ ಒಂದು ಹೃದಯ, ಹೃದಯಕ್ಕೆ ಬಾಣ, ಎರಡು ಇಂಗ್ಲಿಷ್ ಅಕ್ಷರ, ಕೆಳಗೆ ತಾರೀಖು. ತಾರೀಖು ಹಾಕೋದು ಮಾತ್ರ ಮರೆಯಲ್ಲ ನಮ್ಮೋರು, ಶಾಸನ ಅಂದ್ಮೇಲೆ ಕಾಲ ನಮೂದಿಸ್ಬೇಕು ಅನ್ನೋ ಪ್ರಜ್ಞೆ ಗಂಗರ ಕಾಲದಿಂದ ಬಂದಿದೆ. ಕರ್ನಲ್ ಬೇಲಿ ಕತ್ತಲೆಕೋಣೆಲಿ ಇಂಗ್ಲಿಷ್ ಕೈದಿಗಳನ್ನ ಕಟ್ಟಾಕ್ತಿದ್ದ ಗೋಡೆ ಕಲ್ಲಿಗೆ ಕೈ ಚಾಚಿ ನಿಂತು ಫೋಟೋ ತೆಗೆಸ್ಕೊಳ್ಳೋದು ಇನ್ನೊಂದು ಸಂಪ್ರದಾಯ. ಮದುವೆ ಆಗಿರೋ ಗಂಡಸರು ನಿಂತ್ರೆ ಗ್ರೂಪ್ ಪೂರ್ತಿ ನಗುತ್ತೆ, ಅದೇ ಜೋಕು, ಪ್ರತಿ ಬಸ್ಸಲ್ಲೂ.

ಇನ್ನು ಕಾವೇರಿ. ಬೆಂಗಳೂರಿಂದ ಮಂಡ್ಯವರೆಗೂ ಕಾವೇರಿ ಅಂದ್ರೆ ಪ್ರಾಣ ಕೊಡ್ತೀವಿ, ಹನಿ ನೀರೂ ಬಿಡಲ್ಲ ಅಂತ ಹೆದ್ದಾರಿ ತಡೀತೀವಿ. ಅದೇ ಕಾವೇರಿಗೆ ಪಶ್ಚಿಮವಾಹಿನಿಲಿ, ಸಂಗಮದಲ್ಲಿ ನಾವು ಏನು ಕೊಡ್ತೀವಿ ಅಂದ್ರೆ, ಅಸ್ಥಿ ಸರಿ, ಅದು ನಂಬಿಕೆ, ಅದರ ಬಗ್ಗೆ ನಂದೇನೂ ತಕರಾರಿಲ್ಲ, ಆದ್ರೆ ಅಸ್ಥಿ ಜೊತೆ ಮಡಕೆ, ಮಡಕೆಗೆ ಸುತ್ತಿದ ಬಟ್ಟೆ, ತೀರ್ಕೊಂಡೋರ ಪಂಚೆ, ಹೂವಿನ ಹಾರ ಅದರ ಪ್ಲಾಸ್ಟಿಕ್ ಕವರ್ ಸಮೇತ, ಮನೆಲಿ ಗಾಜು ಒಡೆದ ದೇವರ ಫೋಟೋ ಒಂದಿತ್ತು ಹೆಂಗೂ ಹೋಗ್ತಿದೀವಲ್ಲ ಅಂತ ಅದೂ. ಬೇಸಿಗೇಲಿ ನೀರು ಇಳಿದಾಗ ನೋಡ್ಬೇಕು, ಬಂಡೆ ಬಂಡೆಗೂ ಹಳೇ ಸೀರೆ ಸುತ್ಕೊಂಡಿರುತ್ತೆ, ನದಿಗೇ ಉಡಿಸಿದ ಹಾಗೆ. ತಮಿಳುನಾಡಿಗೆ ಇದನ್ನ ಮಾತ್ರ ಯಾವ ಟ್ರಿಬ್ಯೂನಲ್ ಹೇಳ್ದೇ ಇದ್ರೂ ಧಾರಾಳವಾಗಿ ಬಿಟ್ಟಿದೀವಿ.

ಅಲಮೇಲಮ್ಮನ ಶಾಪ ಎಲ್ರಿಗೂ ಗೊತ್ತು. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ. ಆ ಯಮ್ಮನ ಗಂಡ, ಅದೇ ವಿಜಯನಗರದ ಪ್ರತಿನಿಧಿ, ಆಳಿದ್ದು ಶ್ರೀರಂಗಪಟ್ಟಣ, ಸಿಟ್ಟು ಬಂದಿದ್ದು ಶ್ರೀರಂಗಪಟ್ಟಣ ಹೋದ್ಮೇಲೆ ಒಡವೆಗೂ ಒಡೆಯರು ದಂಡು ಕಳಿಸಿದ್ರು ಅಂತ, ಆದ್ರೆ ಶಾಪದ ಲಿಸ್ಟಲ್ಲಿ ಈ ಊರಿನ ಹೆಸರೇ ಇಲ್ಲ. ಮುಂದೆ ನಾವು ಹುಟ್ತೀವಿ, ನಾವೇ ನೋಡ್ಕೋತೀವಿ ಅಂತ ಗೊತ್ತಿತ್ತೇನೋ.

2014ರಿಂದ ಈ ದ್ವೀಪದ ಸ್ಮಾರಕಗಳು ಯುನೆಸ್ಕೋ ವಿಶ್ವ ಪರಂಪರೆ ತಾಣಗಳ ಸಂಭಾವ್ಯ ಪಟ್ಟಿಲಿವೆ. ಕಾಯ್ತಾ ಇವೆ. 2023ರಲ್ಲಿ ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಗಿ ಬೈಪಾಸ್ ಬಂದ್ಮೇಲೆ ಊರೊಳಗೆ ಬರೋ ಅಗತ್ಯಾನೂ ತಪ್ತು. ಈಗ ಹೋಗೋರಿಗೆ ಶ್ರೀರಂಗಪಟ್ಟಣ ತಾಲೂಕಿನ ಅತಿ ಮುಖ್ಯ ಐತಿಹಾಸಿಕ ಸ್ಥಳ ಅಂದ್ರೆ ಗಣಂಗೂರು ಟೋಲ್. ಅಲ್ಲಿ ಮಾತ್ರ ಎಲ್ರೂ ಗಾಡಿ ನಿಧಾನ ಮಾಡ್ತಾರೆ.

ನನ್ನ ಹತ್ರ ಒಂದು ಪರಿಹಾರ ಇದೆ, ತಮಾಷೆ ಅಲ್ಲ. 2017ರಲ್ಲಿ ಜೋಡಿ ಹಳಿಗೆ ಅಡ್ಡ ಬಂತು ಅಂತ ಟಿಪ್ಪು ಕಾಲದ ಒಂದು ಮದ್ದಿನಮನೆನ, ಹತ್ತಿರ ಹತ್ತಿರ ಸಾವಿರ ಟನ್ನಿನ ಕಟ್ಟಡನ, ಒಡೀದೆ, ಬುಡಸಮೇತ ಎತ್ತಿ, ನೂರು ಮೀಟರಿಗೂ ಜಾಸ್ತಿ ದೂರ ತಳ್ಳಿ ಕೂರಿಸಿದ್ರು. ನಿಜವಾಗ್ಲೂ ಭೇಷ್ ಅನ್ನೋ ಕೆಲಸ, ವ್ಯಂಗ್ಯ ಇಲ್ಲ ಇದ್ರಲ್ಲಿ. ಈ ಕಲೆ ಕೈಗೆ ಬಂದ್ಮೇಲೆ ಒಂದಕ್ಕೇ ಯಾಕೆ ನಿಲ್ಲಿಸ್ಬೇಕು? ಗುಡಿ, ಮಸೀದಿ, ದರಿಯಾ ದೌಲತ್, ಗುಂಬಜ್, ಪೂರ್ಣಯ್ಯ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆ, ಎಲ್ಲಾನೂ ಜ್ಯಾಕ್ ಕೊಟ್ಟು ಎತ್ತಿ ಟೋಲ್ ಪಕ್ಕ ಸಾಲಾಗಿ ಇಟ್ಬಿಡಿ. ಫಾಸ್ಟ್ಯಾಗ್ ಸ್ಕ್ಯಾನ್ ಆಗೋ ಗ್ಯಾಪಲ್ಲಿ, ಎಸಿ ಆಫ್ ಮಾಡ್ದೆ, ಸಾವಿರ ವರ್ಷಕ್ಕೂ ಮೇಲಿನ ಇತಿಹಾಸ ಮಕ್ಕಳಿಗೆ ತೋರಿಸ್ಬಹುದು. ಖಾಲಿಯಾದ ದ್ವೀಪದಲ್ಲಿ ಲೇಔಟ್ ಮಾಡಿ, ನದಿ ಮುಖದ ಸೈಟು ಅಂದ್ರೆ ಬೆಳಿಗ್ಗೆಗೇ ಖಾಲಿ.

ಕೆಲಸ ಶುರು ಆಗೋದು ಮಾತ್ರ ಡೌಟು. ಗುಡಿ ಎತ್ತೋ ಜ್ಯಾಕಿಂದಲೇ ಮಸೀದಿನೂ ಎತ್ಬಹುದಾ, ಮೊದಲು ಯಾವ್ದು ಎತ್ಬೇಕು, ಎತ್ತಿದ ಯೋಜನೆಗೆ ಒಡೆಯರ ಹೆಸರಾ ಟಿಪ್ಪು ಹೆಸರಾ ಅಂತ ತೀರ್ಮಾನ ಮಾಡೋಕೆ ಒಂದು ಸರ್ವಪಕ್ಷ ಸಭೆ ಕರೀಬೇಕಾಗುತ್ತೆ. ಸಭೆ ಬೆಂಗಳೂರಲ್ಲಿ.