ಗಾಳಿ ಕೆಟ್ಟರೆ ಮಗುವಿನ ಎದೆಯನ್ನೇಕೆ ದೂರುತ್ತೀರಿ?

"ನಾವೂ ಇದೇ ಹೊಗೆ ಕುಡಿದು ಬೆಳೆದವರು, ನಮಗೇನಾಯಿತು?" ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಈ ಮಾತು ಹೆಚ್ಚಾಗಿ ಬೀಳುವುದು ಉಬ್ಬಸದ ಮಗುವಿನ ತಾಯಿಯ ಕಿವಿಗೆ. ಮಗುವಿನ ಎದೆ ಸುಂಯ್‌ಗುಡುತ್ತಿರುತ್ತದೆ, ಒಂದೊಂದು ಉಸಿರಿಗೂ ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೆಳೆದುಕೊಳ್ಳುತ್ತಿರುತ್ತದೆ. ಅದೇ ಮನೆಯಲ್ಲಿ, ಅದೇ ಗಾಳಿಯಲ್ಲಿ ಅಣ್ಣ ಆಡಿಕೊಂಡಿರುತ್ತಾನೆ. ಹಾಗಾದರೆ ದೋಷ ಗಾಳಿಯದ್ದಲ್ಲ, ಈ ಮಗುವಿನದ್ದೇ ಎಂದು ತೀರ್ಪು ಕೊಟ್ಟುಬಿಡುತ್ತಾರೆ.

ಒಂದೇ ಗಾಳಿ ಎಲ್ಲರನ್ನೂ ಒಂದೇ ಬಗೆಯಲ್ಲಿ ಕಾಡುವುದಿಲ್ಲ ಎಂಬುದು ನಿಜ. ಆರೋಗ್ಯವಂತ ಯುವಕರನ್ನು ಕೋಣೆಯಲ್ಲಿ ಇರಿಸಿ, ವಾಹನಗಳ ಹೊಗೆಗೆ ಬಿಸಿಲು ತಾಗಿ ಹುಟ್ಟುವ ಓಝೋನ್ ಅನಿಲವನ್ನು ಅಳೆದ ಪ್ರಮಾಣದಲ್ಲಿ ಉಸಿರಾಡಿಸಿ ನೋಡಿದ್ದಾರೆ. ಕೆಲವರು ಒಂದೇ ಸೆಕೆಂಡಿನಲ್ಲಿ ಊದಿ ಹೊರಹಾಕಬಲ್ಲ ಗಾಳಿ ಗಣನೀಯವಾಗಿ ಕುಸಿಯಿತು, ಕೆಲವರಲ್ಲಿ ಏನೂ ಆಗಲಿಲ್ಲ. ತಿಂಗಳುಗಳ ನಂತರ ಅವರನ್ನೇ ಮತ್ತೆ ಕರೆಸಿ ಪರೀಕ್ಷಿಸಿದಾಗಲೂ ಹೆಚ್ಚುಕಡಿಮೆ ಅದೇ ಫಲಿತಾಂಶ. ಅಂದರೆ ಅದು ಆ ದಿನದ ಆಕಸ್ಮಿಕವಲ್ಲ, ಆಯಾ ದೇಹದ ಸ್ವಭಾವ.

ಆ ಸ್ವಭಾವದ ಒಂದು ಪಾಲು ವಂಶವಾಹಿಗಳಲ್ಲಿದೆ. ಓಝೋನ್, ಡೀಸೆಲ್ ಹೊಗೆಯ ಸೂಕ್ಷ್ಮ ಕಣಗಳು ಶ್ವಾಸನಾಳದ ಒಳಪದರವನ್ನು ಮುಟ್ಟಿದಾಗ ಜೀವಕೋಶಗಳನ್ನು ಸುಡುವಂಥ ಆಮ್ಲಜನಕದ ಅಣುಗಳು ಹುಟ್ಟುತ್ತವೆ. ಅವುಗಳ ಹಾನಿಯನ್ನು ತಗ್ಗಿಸುವ ಕಿಣ್ವಗಳಲ್ಲೊಂದನ್ನು ಮಾಡಿಸುವ ವಂಶವಾಹಿಯ ಹೆಸರು ಜಿಎಸ್‌ಟಿಎಂ-1. ಅಚ್ಚರಿಯೆಂದರೆ ಇದು ಕೋಟ್ಯಂತರ ಜನರಲ್ಲಿ ಇಲ್ಲವೇ ಇಲ್ಲ. ತಂದೆ ತಾಯಿ ಇಬ್ಬರಿಂದಲೂ ಅಳಿಸಿಹೋದ ಪ್ರತಿಯೇ ಬಂದಿರುತ್ತದೆ. ಯುರೋಪ್ ಮೂಲದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಹೀಗಿದ್ದಾರೆ. ಇಷ್ಟು ಜನರಲ್ಲಿರುವುದನ್ನು ದೌರ್ಬಲ್ಯ ಎಂದು ಕರೆಯುವುದಾದರೂ ಹೇಗೆ?

ಮೆಕ್ಸಿಕೋ ನಗರದ ಉಬ್ಬಸದ ಮಕ್ಕಳ ಅಧ್ಯಯನವೊಂದರಲ್ಲಿ, ಈ ವಂಶವಾಹಿ ಇಲ್ಲದ ಮಕ್ಕಳಿಗೆ ಓಝೋನ್ ಏರಿದಂತೆ ಸಣ್ಣ ಶ್ವಾಸನಾಳಗಳಲ್ಲಿ ಗಾಳಿಯ ಹರಿವು ತಗ್ಗಿತು. ಸಿ ಮತ್ತು ಇ ಜೀವಸತ್ವ ಪಡೆದ ಮಕ್ಕಳಲ್ಲಿ ಆ ಕುಸಿತ ಕಾಣಲಿಲ್ಲ. (ಇದನ್ನು ಓದಿ ಯಾರೂ ಮಾತ್ರೆ ಕೊಳ್ಳಲು ಓಡಬೇಡಿ. ಮಾತ್ರೆ ಗಾಳಿಯನ್ನು ಶುದ್ಧ ಮಾಡುವುದಿಲ್ಲ.) ಎಲ್ಲ ಅಧ್ಯಯನಗಳೂ ಒಂದೇ ಉತ್ತರ ಕೊಟ್ಟಿಲ್ಲ ಎಂಬುದನ್ನೂ ಹೇಳಬೇಕು. ಒಂದೊಂದು ವಂಶವಾಹಿಯ ಪ್ರಭಾವ ಚಿಕ್ಕದು. ಅನೇಕ ವಂಶವಾಹಿಗಳು, ವಯಸ್ಸು, ಆಹಾರ, ಹಳೆಯ ಸೋಂಕುಗಳು ಎಲ್ಲವೂ ಸೇರಿಯೇ ಪರಿಣಾಮ ನಿರ್ಧಾರವಾಗುತ್ತದೆ. ಹಾಗಾಗಿ ಒಂದು ರಕ್ತಪರೀಕ್ಷೆ ಮಾಡಿ "ಇವನಿಗೆ ಹೊಗೆ ತಾಗುತ್ತದೆ, ಅವನಿಗೆ ತಾಗದು" ಎಂದು ವಿಂಗಡಿಸಲು ಹೊರಡುವುದು ಶುದ್ಧ ಅವಿವೇಕ.

ನನಗೆ ಭಯವಿರುವುದೂ ಅಲ್ಲೇ. ಬೆರಿಲಿಯಂ ಲೋಹದ ಧೂಳಿನಿಂದ ಕಾರ್ಮಿಕರಿಗೆ ಬರುವ ಶ್ವಾಸಕೋಶದ ಕಾಯಿಲೆಯನ್ನೇ ನೋಡಿ. 1993ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಒಂದು ನಿರ್ದಿಷ್ಟ ವಂಶವಾಹಿ ರೂಪ ಬಹುತೇಕ ಎಲ್ಲ ರೋಗಿಗಳಲ್ಲೂ ಕಂಡಿತು. ಆದರೆ ಅದೇ ಧೂಳಿನಲ್ಲಿ ಕೆಲಸ ಮಾಡಿಯೂ ಕಾಯಿಲೆ ಬಾರದವರಲ್ಲಿ ಶೇ. 30ರಷ್ಟು ಮಂದಿಯಲ್ಲೂ ಅದು ಇತ್ತು. ಪರೀಕ್ಷೆ ಮಾಡಿ ಅಂಥವರನ್ನು ಕೆಲಸಕ್ಕೆ ತೆಗೆದುಕೊಳ್ಳದೆ ಇರಬಹುದೇ ಎಂಬ ಚರ್ಚೆ ಆಗಲೇ ಎದ್ದಿತು. ಧೂಳು ಇದ್ದಲ್ಲೇ ಇರಲಿ, ಮನುಷ್ಯನನ್ನು ಆಚೆ ಕಳಿಸೋಣ ಎಂಬ ದಾರಿ ಅದು. ಇದನ್ನು ನಾನು ಒಪ್ಪುವುದಿಲ್ಲ. ನಾಳೆ ನಗರದ ಗಾಳಿಯ ವಿಷಯದಲ್ಲೂ ಇದೇ ವಾದ ಬರಲಾರದು ಎಂಬ ಖಾತ್ರಿ ಯಾರಿಗಿದೆ?

ಸರಾಸರಿ ಮನುಷ್ಯನಿಗೆ ತೊಂದರೆಯಿಲ್ಲ ಎನ್ನುವ ಮಿತಿ ನನಗೆ ಬೇಡ. ಆ ಸರಾಸರಿಯೊಳಗೆ ಏನೂ ಆಗದವನೂ ಇದ್ದಾನೆ, ರಾತ್ರಿಯಿಡೀ ಎದ್ದು ಕೂತು ಉಸಿರೆಳೆಯುವವನೂ ಇದ್ದಾನೆ. ಮಿತಿಯನ್ನು ಎರಡನೆಯವನನ್ನು ನೋಡಿ ಗೊತ್ತುಮಾಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5 ಎನ್ನುವ, ಗಾಳಿಯಲ್ಲಿ ತೇಲುವ ಅತಿ ಸೂಕ್ಷ್ಮ ಕಣಗಳ ವಾರ್ಷಿಕ ಮಿತಿಯನ್ನು ಘನ ಮೀಟರಿಗೆ 10ರಿಂದ 5 ಮೈಕ್ರೋಗ್ರಾಂಗೆ ಇಳಿಸಿದ್ದನ್ನು ಅತಿಯಾಯಿತು ಎಂದವರಿದ್ದಾರೆ. ನನಗೆ ಹಾಗನ್ನಿಸಿಲ್ಲ.

ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಬೇರೆ ಬೇರೆ ಕಾಲದಲ್ಲಿ ಬೆಳೆದ ಮಕ್ಕಳ ಮೂರು ತಂಡಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಶ್ವಾಸಕೋಶದ ಬೆಳವಣಿಗೆಯನ್ನು ಅಳೆದರು. ಆ ಅವಧಿಯಲ್ಲಿ ಅಲ್ಲಿನ ಗಾಳಿ ಸುಧಾರಿಸಿತು. 15ನೇ ವಯಸ್ಸಿಗೆ ಶ್ವಾಸಕೋಶದ ಸಾಮರ್ಥ್ಯ ತೀರಾ ಕಡಿಮೆ ಇದ್ದವರ ಪ್ರಮಾಣ ಮೊದಲ ತಂಡದಲ್ಲಿ ಸುಮಾರು ಶೇ. 8 ಇದ್ದದ್ದು ಕೊನೆಯ ತಂಡದಲ್ಲಿ ಶೇ. 4ಕ್ಕಿಂತ ಕೆಳಗಿಳಿಯಿತು. ಉಬ್ಬಸವಿದ್ದ ಮಕ್ಕಳ ಶ್ವಾಸಕೋಶವೂ, ಇಲ್ಲದವರ ಶ್ವಾಸಕೋಶವೂ ಮೊದಲಿಗಿಂತ ಚೆನ್ನಾಗಿ ಬೆಳೆದವು. ಅದಕ್ಕಾಗಿ ಯಾವ ಮಗುವಿನ ವಂಶವಾಹಿಯನ್ನೂ ಬದಲಿಸಬೇಕಾಗಿ ಬರಲಿಲ್ಲ.