ಪ್ರಯಾಣಿಕರ ಗಮನಕ್ಕೆ, ಪ್ಲಾಟ್‌ಫಾರ್ಮ್ ಬದಲಾಗಿದೆ

ಪ್ಲಾಟ್‌ಫಾರ್ಮ್ ವಿಷಯದಲ್ಲಿ ಹುಬ್ಬಳ್ಳಿಯವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಜಗತ್ತಿನಲ್ಲೇ ಉದ್ದನೆಯದು ನಮ್ಮ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿದೆ. 1507 ಮೀಟರ್. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಈ ತುದಿಯಿಂದ ಆ ತುದಿಗೆ ಸೂಟ್‌ಕೇಸ್ ಎಳೆದುಕೊಂಡು ಹೋಗುವಷ್ಟರಲ್ಲಿ ಬೆಳಗ್ಗೆ ತಿಂದ ಅವಲಕ್ಕಿ ಕರಗಿ ಮತ್ತೆ ಹಸಿವಾಗುತ್ತದೆ. ಆದರೆ ಪ್ಲಾಟ್‌ಫಾರ್ಮ್ ಎಷ್ಟೇ ಉದ್ದ ಇರಲಿ, ನಿಮ್ಮ ಬೋಗಿ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ಲುತ್ತದೆ. ಓಡಬೇಕಾದವರು ನೀವು.

ಈಚೆಗೆ ನಾನೂ ಪ್ಲಾಟ್‌ಫಾರ್ಮ್ ಬದಲಿಸಿದೆ. ರೈಲಿನದಲ್ಲ, ಕಂಪ್ಯೂಟರಿನದು.

ನನ್ನ ಕಂಪ್ಯೂಟರಿಗೆ ಹತ್ತು ವರ್ಷ. ಅದರಲ್ಲಿದ್ದದ್ದು ವಿಂಡೋಸ್ 10. ಅದಕ್ಕೆ ಸಿಗುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮುಂದಿನ 11ಕ್ಕೆ ಹೋಗೋಣ ಅಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಬೇಕು, ಸಾಕಷ್ಟು ಹೊಸ ಪ್ರೊಸೆಸರ್ ಬೇಕು. ನನ್ನದರಲ್ಲಿ ಇದ್ದದ್ದು ಧೂಳು ಮತ್ತು ಒಂದು ಸತ್ತ ಜಿರಲೆ. ಅಂಗಡಿಯವರು ಮುಚ್ಚಳ ತೆಗೆದು ಒಳಗೆ ಇಣುಕಿದರು. ಆಮೇಲೆ ಡಾಕ್ಟರು ಮನೆಯವರನ್ನು ವರಾಂಡಕ್ಕೆ ಕರೆದು ಮಾತಾಡುತ್ತಾರಲ್ಲ, ಆ ದನಿಯಲ್ಲಿ, "ಇದರಾಗ ಏನೂ ಉಳಿದಿಲ್ರೀ ಸರ. ಹೊಸಾದು ತಗೋರಿ" ಎಂದರು.

ಇಂಜಿನಿಯರಿಂಗ್ ಓದುತ್ತಿರುವ ತಂಗಿಯ ಮಗ ಬಂದ. "ಮಾಮಾ, ಹೊಸಾದು ಯಾಕ? ಲಿನಕ್ಸ್ ಮಿಂಟ್ ಹಾಕ್ತೀನಿ ತಡೀರಿ" ಎಂದು ಪೆನ್‌ಡ್ರೈವ್ ಚುಚ್ಚಿದ. ವಿಂಡೋಸ್ ಜಾಗದಲ್ಲಿ ಕೂತು ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆ ಅದು. ಮಿಂಟ್ ಅಂದರೆ ಪುದೀನಾ. ನನ್ನ ಹೆಂಡತಿ ಅಡುಗೆಮನೆಯಿಂದಲೇ "ಚಟ್ನಿಗೆ ಹಾಕೋದು ಕಂಪ್ಯೂಟರಿಗೆ ಯಾಕೋ?" ಎಂದಳು. ಅವಳ ಚಹಾ ಎರಡು ಸಲ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಒಂದು ಪೈಸೆ ಖರ್ಚಿಲ್ಲ. ಹಳೇ ಡಬ್ಬ ಓಡತೊಡಗಿತು.

ಇಲ್ಲಿಗೆ ಮುಗಿಯಬೇಕಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯುತ್ತಿತ್ತು. ಆದರೆ ಮರುದಿನ ಉಣಕಲ್ ಕೆರೆ ದಂಡೆಯ ವಾಕಿಂಗ್ ಗುಂಪಿನಲ್ಲಿ, "ಮಿಂಟ್ ಹಾಕಿದ ಕಂಪ್ಯೂಟರಿಗೆ ಇಂಟರ್ನೆಟ್ ನೋಡಲು ಬ್ರೌಸರ್ ಯಾವುದು ಹಾಕಬೇಕು?" ಅಂತ ಸುಮ್ನೆ ಕೇಳಿಬಿಟ್ಟೆ.

ಮಗಳಿಗೆ ವರ ನೋಡುವಾಗಲೂ ಇಷ್ಟು ಸಲಹೆ ಬಂದಿರಲಿಲ್ಲ. ನಿವೃತ್ತ ಹೆಡ್‌ಮಾಸ್ತರರು, "ಫೈರ್‌ಫಾಕ್ಸ್ ಬಿಟ್ಟು ಬ್ಯಾರೆ ಹಾಕಿದ್ರ ನನ್ನ ಜೋಡಿ ಮಾತಾಡಬ್ಯಾಡ್ರಿ" ಎಂದರು. ಬಟ್ಟೆ ಅಂಗಡಿಯವರು, "ಊರ ಮಂದಿ ಎಲ್ಲಾ ಕ್ರೋಮ್ ಹಾಕ್ಯಾರ, ನಿಮಗೇನು ಧಾಡಿ?" ಎಂದರು. ವಿಮಾ ಏಜೆಂಟರು ಬ್ರೇವ್ ಪಕ್ಷ. ಅದರಲ್ಲಿ ಜಾಹೀರಾತು ಬರುವುದಿಲ್ಲವಂತೆ. ದಿನಕ್ಕೆ ನಾಲ್ಕು ಪಾಲಿಸಿ ಜಾಹೀರಾತು ನನ್ನ ಮೊಬೈಲಿಗೆ ಕಳಿಸುವವರು ಇವರೇ. ನಾಲ್ಕನೆಯವರು ಒಪೆರಾ ಎಂದು ಬಹಳ ಗಟ್ಟಿಯಾಗಿ ವಾದಿಸಿದರು. ನಿಮ್ಮ ಕಂಪ್ಯೂಟರಿನಲ್ಲೂ ಅದೇ ಇದೆಯಾ ಎಂದು ಕೇಳಿದೆ. "ನನಗೆಲ್ಲೈತ್ರೀ ಕಂಪ್ಯೂಟರ್? ಮಗಂದು ಬೆಂಗಳೂರಾಗೈತಿ" ಎಂದರು.

ಐದನೆಯವರದು ಸ್ವದೇಶಿ. ಅವರ ಮಾತಿಗೆ ಆಧಾರ ಇತ್ತು. ನಮ್ಮದೇ ಬ್ರೌಸರ್ ಬೇಕು ಎಂದು ಕೇಂದ್ರ ಸರ್ಕಾರ 2023ರಲ್ಲಿ ಒಂದು ಸ್ಪರ್ಧೆಯನ್ನೇ ಇಟ್ಟಿತ್ತು. 2025ರಲ್ಲಿ ಝೋಹೋದವರ ಉಲಾ ಗೆದ್ದಿತು. ಮೊದಲ ಬಹುಮಾನ 1 ಕೋಟಿ ರೂಪಾಯಿ. "ಅದನ್ನ ಹಾಕ್ರಿ, ಅಭಿಮಾನ ಬೇಕು" ಎಂದರು. ಅಳಿಯನಿಗೆ ಹೇಳಿದೆ. ಅವನು ನಕ್ಕ. "ಮಾಮಾ, ಅದರ ಒಳಗೂ ಕ್ರೋಮಿಯಂ ಐತಿ."

ಈ ಕ್ರೋಮಿಯಂ ಕಥೆ ಕೇಳಿದ ಮೇಲೆ ನನಗೆ ಗಿರಮಿಟ್ ತಿನ್ನಲೂ ಮನಸ್ಸು ಬರಲಿಲ್ಲ. ದುರ್ಗದ ಬೈಲಿನಲ್ಲಿ ಸಂಜೆ ನಿಂತರೆ ಎಷ್ಟೊಂದು ಗಾಡಿ ಕಾಣುತ್ತವೆ. ಒಂದರಲ್ಲಿ ಉಳ್ಳಾಗಡ್ಡಿ ಜಾಸ್ತಿ, ಇನ್ನೊಂದರಲ್ಲಿ ಖಾರ ಜಾಸ್ತಿ, ಮತ್ತೊಂದರಲ್ಲಿ ಮಾತು ಜಾಸ್ತಿ. ಆದರೆ ಚುರಮುರಿ ಎಲ್ಲ ಒಂದೇ ಭಟ್ಟಿಯಿಂದ ಬಂದಿದೆ ಎಂದರೆ? ಬ್ರೌಸರ್‌ಗಳ ಹಣೆಬರಹ ಇದೇ. ಗೂಗಲ್‌ನ ಕ್ರೋಮ್ 2008ರಲ್ಲಿ ಬಂತು. ಅದರ ತಳದಲ್ಲಿರುವುದು ಕ್ರೋಮಿಯಂ ಎಂಬ ಮುಕ್ತ ತಂತ್ರಾಂಶ. ಒಪೆರಾ 2013ರಲ್ಲಿ ತನ್ನ ಸ್ವಂತ ಒಲೆ ಆರಿಸಿ ಅದಕ್ಕೇ ಬಂತು. ಮೈಕ್ರೋಸಾಫ್ಟ್‌ನ ಎಡ್ಜ್ ಕೂಡ 2020ರಲ್ಲಿ ತನ್ನ ಒಲೆ ಬಿಟ್ಟು ಅದಕ್ಕೇ ಬಂತು. ಬ್ರೇವ್, ವಿವಾಲ್ಡಿ, ಉಲಾ ಎಲ್ಲ ಅಲ್ಲಿಯವೇ. ಗಾಡಿಯ ಬಣ್ಣದ ಮೇಲೆ ನಾವು ಕೆರೆ ದಂಡೆಯಲ್ಲಿ ಜಗಳ ಆಡುತ್ತಿದ್ದೆವು.

ಹೆಡ್‌ಮಾಸ್ತರರ ಫೈರ್‌ಫಾಕ್ಸ್ ಮಾತ್ರ ಬೇರೆ ಭಟ್ಟಿಯದು. ಅದರ ಎಂಜಿನ್ ಗೆಕ್ಕೋ. ಅವರು ಎದೆ ಉಬ್ಬಿಸಿಕೊಂಡು ನಡೆದರು. ಆ ಭಟ್ಟಿಗೆ ಕಟ್ಟಿಗೆಯ ದುಡ್ಡು ಬಹುಪಾಲು ಬರುವುದು ಗೂಗಲ್‌ನಿಂದಲೇ, ಹುಡುಕಾಟಕ್ಕೆ ತನ್ನನ್ನೇ ಮುಂದಿಡಲಿ ಎಂದು ಗೂಗಲ್ ಕೊಡುವ ಹಣ ಅದು, ಅಂತ ಹೇಳಬೇಕು ಅನ್ನಿಸಿತು. ಅವರಿಗೆ ಬಿಪಿ ಇದೆ. ಹೇಳಲಿಲ್ಲ.

ಮಿಂಟ್ ಬರುವಾಗಲೇ ಫೈರ್‌ಫಾಕ್ಸ್ ಹೊತ್ತು ತಂದಿತ್ತು, ಮೇಲ್ ನೋಡಲು ಥಂಡರ್‌ಬರ್ಡ್ ಕೂಡ. ಅಂದರೆ ನಾನು ಊರೆಲ್ಲ ಕೇಳಿಕೊಂಡು ತಿರುಗುತ್ತಿದ್ದ ಹದಿನೈದು ದಿನವೂ ಎರಡೂ ಮನೆಯಲ್ಲೇ ಕೂತಿದ್ದವು. ಆಯ್ತಪ್ಪ, ಅವೇ ಇರಲಿ ಎಂದೆ.

ಹಳೆಯ ಮೇಲ್ ತರುವುದು ಬೇರೆ ಪಾಡು. ನಾನು ಪಾಪ್ ಕಾಲದವನು. ಪಾಪ್ ಎಂದರೆ ಪೋಸ್ಟಾಫೀಸಿಗೆ ಹೋಗಿ ಕಾಗದ ಎಲ್ಲ ಮನೆಗೆ ಹೊತ್ತು ತರುವ ಪದ್ಧತಿ. ಅಲ್ಲೂ ಒಂದು ಪ್ರತಿ ಇರಲಿ ಎಂದು ಹೇಳದಿದ್ದರೆ ಸಾಮಾನ್ಯವಾಗಿ ಅಲ್ಲಿ ಒಂದೂ ಉಳಿಯುವುದಿಲ್ಲ. ಈಗಿನವರದು ಐಮ್ಯಾಪ್. ಕಾಗದ ಪೋಸ್ಟಾಫೀಸಿನಲ್ಲೇ ಇರುತ್ತದೆ, ಮನೆಯಿಂದಲೋ ಮೊಬೈಲಿನಿಂದಲೋ ಓದಿಕೊಳ್ಳಬೇಕು. ನಾನು ಹೊತ್ತು ತಂದ ಹದಿಮೂರು ವರ್ಷದ ಮೂಟೆ ಔಟ್‌ಲುಕ್‌ನ ಪಿಎಸ್‌ಟಿ ಫೈಲಿನಲ್ಲಿತ್ತು. ಥಂಡರ್‌ಬರ್ಡ್ ಇಟ್ಟುಕೊಳ್ಳುವುದು ಎಂಬಾಕ್ಸ್ ರೀತಿಯಲ್ಲಿ. ಅಳಿಯ ರೀಡ್‌ಪಿಎಸ್‌ಟಿ ಎಂಬ ಪುಟ್ಟ ಸಲಕರಣೆ ಹಾಕಿ ರಾತ್ರಿ ಕೂತು ಮೂಟೆ ಬಿಚ್ಚಿದ. ಒಂದೂ ಕಳೆಯಬಾರದು ಎಂದು ನಾನು ಪಕ್ಕದಲ್ಲೇ ಕಾವಲು ಕೂತಿದ್ದೆ. ಒಟ್ಟು ಹದಿನೇಳು ಸಾವಿರ ಮೇಲ್. ಕ್ರೆಡಿಟ್ ಕಾರ್ಡ್ ತಗೊಳ್ಳಿ, ವಿಮಾನದ ಟಿಕೆಟ್ ಅರ್ಧ ಬೆಲೆಗೆ, ಪ್ರಿಯ ಗ್ರಾಹಕರೇ, ಅತಿ ಪ್ರಿಯ ಗ್ರಾಹಕರೇ. ನಡುವೆ ಒಂದು, ಮಗಳು ಹಾಸ್ಟೆಲಿನಿಂದ ಬರೆದದ್ದು: "ಅಪ್ಪಾ, ರೊಕ್ಕ ಕಳಸು." ಆ ಒಂದಕ್ಕಾಗಿ ಬೆಳಗಿನ ಮೂರು ಗಂಟೆವರೆಗೆ ಎಚ್ಚರ ಇದ್ದದ್ದು ತಪ್ಪಲ್ಲ ಅನ್ನಿಸಿತು.

ಇಷ್ಟೆಲ್ಲ ಆದ ಮೇಲೆ ಅಸಲಿ ಕೆಲಸಕ್ಕೆ ಕೂತೆ. ಒಂದು ದಾಖಲೆಯಲ್ಲಿ ನನ್ನ ಹೆಸರಿಗೆ ಒಂದು ಕೊಂಬು ಬಂದುಬಿಟ್ಟಿತ್ತು. ಯಾವ ಕಚೇರಿ ಅಂತ ಕೇಳಬೇಡಿ, ಮುಂದೆಯೂ ಅಲ್ಲಿಗೆ ಹೋಗುವುದಿದೆ. ಕೊಂಬು ಕೊಡುವಾಗ ಅವರು ನನ್ನನ್ನು ಕೇಳಿರಲಿಲ್ಲ. ತೆಗೆಯಲು ಮಾತ್ರ ನಾನೇ ಅರ್ಜಿ ಹಾಕಬೇಕು, ಅದೂ ಆನ್‌ಲೈನಿನಲ್ಲೇ.

ಪೋರ್ಟಲ್ ತೆರೆದೆ. "ನಿಮ್ಮ ಬ್ರೌಸರ್‌ಗೆ ಇಲ್ಲಿ ಬೆಂಬಲವಿಲ್ಲ. ವಿಂಡೋಸ್‌ನಲ್ಲಿ ಕ್ರೋಮ್ ಬಳಸಿ" ಎಂದಿತು. ಅದೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ, ಈ ತಾಣ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಚೆನ್ನಾಗಿ ಕಾಣುತ್ತದೆ ಎಂದು ಬರೆದಿತ್ತು. ಇಂಟರ್ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್ 15ಕ್ಕೇ ನಿವೃತ್ತಿ ಆಗಿದೆ. ಶಾಲು ಹೊದಿಸಿ, ಹಾರ ಹಾಕಿ, ಬೀಳ್ಕೊಟ್ಟು ಮೂರು ವರ್ಷ ದಾಟಿದೆ. ನಮ್ಮ ಪೋರ್ಟಲ್ ಇನ್ನೂ ಅದರ ಕುರ್ಚಿ ಒರೆಸಿ ಇಟ್ಟುಕೊಂಡು ಕಾಯುತ್ತಿದೆ. ಮೇಲಿನ ಸಾಹೇಬರು ಕ್ರೋಮ್ ಅನ್ನುತ್ತಾರೆ, ಕೆಳಗಿನ ಸಾಹೇಬರು ಎಕ್ಸ್‌ಪ್ಲೋರರ್ ಅನ್ನುತ್ತಾರೆ. ಕಚೇರಿಯಲ್ಲೂ ಹೀಗೇ ಅಲ್ವಾ? ಅಷ್ಟರಮಟ್ಟಿಗೆ ಪೋರ್ಟಲ್ ಪ್ರಾಮಾಣಿಕವಾಗಿದೆ.

"ನಾನು ಯಾವ ಬ್ರೌಸರ್ ಅಂತ ಇದಕ್ಕ ಹೆಂಗ ಗೊತ್ತಾತು?" ಎಂದು ಅಳಿಯನನ್ನು ಕೇಳಿದೆ.

ಗೊತ್ತಾಗುವುದು ಹೀಗೆ. ಪ್ರತಿ ಬ್ರೌಸರೂ ಒಂದು ತಾಣದ ಬಾಗಿಲಿಗೆ ಹೋದಾಗ ಒಂದು ಸಾಲಿನಲ್ಲಿ ತನ್ನ ಪರಿಚಯ ಹೇಳಿಕೊಳ್ಳುತ್ತದೆ. ತೊಂಬತ್ತರ ದಶಕದಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರ್ ಮೊಜಿಲ್ಲಾ ಎಂದು ಹೇಳಿಕೊಳ್ಳುತ್ತಿತ್ತು. ಕೆಲವು ತಾಣಗಳು ಮೊಜಿಲ್ಲಾಕ್ಕೆ ಮಾತ್ರ ಚೆಂದದ ಪುಟ ಬಡಿಸುತ್ತಿದ್ದವು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಂತು, ಪಂಕ್ತಿಯಲ್ಲಿ ಜಾಗ ಸಿಗಲಿಲ್ಲ. ಅದೂ "ನಾನು ಮೊಜಿಲ್ಲಾ" ಅಂದಿತು. ಆಮೇಲೆ ಬಂದವರೆಲ್ಲ ಅದನ್ನೇ ಅಂದರು. ಇವತ್ತಿಗೂ ಕ್ರೋಮ್ ಬಾಗಿಲಲ್ಲಿ ನಿಂತು ಮೊದಲು ಮೊಜಿಲ್ಲಾ ಎನ್ನುತ್ತದೆ. ಆಮೇಲೆ ಆಪಲ್‌ವೆಬ್‌ಕಿಟ್ ಎನ್ನುತ್ತದೆ, ಗೆಕ್ಕೋ ಇದ್ದ ಹಾಗೆ ಎನ್ನುತ್ತದೆ, ಆಮೇಲೆ ಕ್ರೋಮ್, ಕೊನೆಗೆ ಸಫಾರಿ. ಕರೆಯದ ಮದುವೆ ಊಟಕ್ಕೆ ನುಗ್ಗುವವರು, "ನಾ ಗದಗಿನ ದೇಸಾಯರ ಪೈಕಿ, ಹಾವೇರಿ ಪಾಟೀಲರ ಬೀಗ, ಹುಡುಗಿ ಸೋದರತ್ತಿ ಮನಿ ಬಾಜೂದಾಂವ" ಅಂತ ಒಂದೇ ಉಸಿರಿನಲ್ಲಿ ಹೇಳುತ್ತಾರಲ್ಲ, ಥೇಟ್ ಹಾಗೆ.

"ಈಗ ನಾವೂ ಹಂಗ ಹೇಳೂಣು" ಎಂದ ಅಳಿಯ. ಫೈರ್‌ಫಾಕ್ಸ್‌ಗೆ ಏನೋ ಒಂದು ಎಕ್ಸ್‌ಟೆನ್ಷನ್ ಸೇರಿಸಿದ. ಪಟ್ಟಿಯಲ್ಲಿ ವಿಂಡೋಸ್, ಕ್ರೋಮ್ ಎಂದು ಆರಿಸಿ ಪುಟವನ್ನು ಮತ್ತೆ ತೆರೆದ. ಬಾಗಿಲು ತೆರೆಯಿತು. ಅದೇ ಫೈರ್‌ಫಾಕ್ಸ್, ಅದೇ ಪುದೀನಾ, ಅದೇ ಜಿರಲೆ ಡಬ್ಬ. ಏನೂ ಬದಲಾಗಿರಲಿಲ್ಲ, ಸುಳ್ಳು ಹೇಳಿದ್ದು ಬಿಟ್ಟರೆ. ಎಲ್ಲ ಬಟನ್ನೂ ಕೆಲಸ ಮಾಡಿದವು. ಅಂದರೆ ತಡೆಯಬೇಕಾದ ಕಾರಣ ಯಾವುದೂ ಇರಲಿಲ್ಲ, ತಡೆಯುವ ಚಟ ಮಾತ್ರ ಇತ್ತು.

ಫಾರ್ಮ್ ತುಂಬಿದೆ. ಕೊನೆಗೆ ಒಂದು ಚೌಕ. "ನಾನು ನೀಡಿರುವ ಮಾಹಿತಿಯೆಲ್ಲ ಸತ್ಯವೆಂದು ಪ್ರಮಾಣೀಕರಿಸುತ್ತೇನೆ." ಅರ್ಧ ನಿಮಿಷದ ಹಿಂದೆ ಸುಳ್ಳು ಹೇಳಿ ಒಳಗೆ ಬಂದವನು ನಾನು. ಅಳಿಯನ ಮುಖ ನೋಡಿದೆ. ಅವನು ನನಗಾಗಿ ಟಿಕ್ ಒತ್ತಿದ.

ಸ್ವೀಕೃತಿ ಪತ್ರ ಮೇಲ್‌ಗೆ ಬರುತ್ತದೆ ಎಂದಿತು ಪೋರ್ಟಲ್. ಬಂತು. ಥಂಡರ್‌ಬರ್ಡ್ ಅದನ್ನು ಜಂಕ್ ಡಬ್ಬಿಗೆ ಹಾಕಿತ್ತು. ಬಂದು ತಿಂಗಳಾಗಿಲ್ಲ, ಲೋಕಜ್ಞಾನ ಬಂದುಬಿಟ್ಟಿದೆ. ಜೊತೆಗೊಂದು ವರ್ಡ್ ಫೈಲ್ ಇತ್ತು. ತೆರೆದೆ. ಕನ್ನಡದ ಒಂದು ಅಕ್ಷರವೂ ಇಲ್ಲ. ತಲೆ ಮೇಲೆ ಗೀಟು, ಚುಕ್ಕಿ, ಟೊಪ್ಪಿಗೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ಯಾವ ಕಂಪ್ಯೂಟರಿನಲ್ಲೂ ಅಕ್ಷರ ಒಂದೇ ರೀತಿ ಕಾಣಲಿ ಎಂದು ಮಾಡಿದ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತೊಂಬತ್ತರ ದಶಕದಿಂದಲೇ ಜಾಗ ಇದೆ. ಆದರೂ ಪತ್ರವನ್ನು ಹಳೆಯ ನುಡಿ ಫಾಂಟಿನಲ್ಲಿ ಬರೆದಿದ್ದರು. ಆ ಫಾಂಟ್ ನಿಮ್ಮಲ್ಲಿ ಇಲ್ಲದಿದ್ದರೆ 'ನ' ಇರುವ ಜಾಗದಲ್ಲಿ ಬ್ರಿಟಿಷರ ಪೌಂಡ್ ಗುರುತು ಕಾಣುತ್ತದೆ. ನಮ್ಮ ಎಂದು ಬರೆದರೆ ಒಂದು ಪೌಂಡ್. ಮನೆ ಎಂದು ಬರೆದರೆ ಒಂದು ಪೌಂಡ್. ಕನ್ನಡ ಎಂದು ಬರೆದರೂ ಒಂದು ಪೌಂಡ್. ಕಿತ್ತೂರಿನ ಚೆನ್ನಮ್ಮ 1824ರಲ್ಲಿ ಬ್ರಿಟಿಷರ ಮೇಲೆ ಕತ್ತಿ ಹಿರಿದಳು. ಅವಳ ಸರ್ಕಲ್ ಸುತ್ತು ಹಾಕಿ ದಿನಾ ಆಫೀಸಿಗೆ ಹೋಗುವ ನಾವು ಪ್ರತಿ 'ನ'ಕಾರಕ್ಕೂ ಒಂದು ಪೌಂಡ್ ಕಪ್ಪ ಕಟ್ಟುತ್ತಿದ್ದೇವೆ.

ಮರುದಿನ ಕಚೇರಿಗೆ ಹೋದೆ. ಗುಮಾಸ್ತರು ಒಳ್ಳೆಯವರು. "ಆನ್‌ಲೈನ್ ಹಾಕೀನ್ರಿ, ಮೇಲೂ ಬಂದೈತ್ರಿ" ಎಂದೆ.

"ಬರ್ಲಿ ಬಿಡ್ರಿ, ಚೊಲೋ ಆತು. ಅದರ ಪ್ರಿಂಟ್ ತರ್ರಿ, ಮೂರು ಪ್ರತಿ."

ಎದುರಿಗೇ ಝೆರಾಕ್ಸ್ ಅಂಗಡಿ. ಅದರ ಬೋರ್ಡಿನ ಮೇಲೆ ದೊಡ್ಡದಾಗಿ ಮೇಲ್ ವಿಳಾಸ ಬರೆಸಿದ್ದಾರೆ. ಇಡೀ ವಾರ್ಡಿನ ಆಧಾರ್ ಕಾರ್ಡು, ಪಾಸ್‌ಬುಕ್ಕು, ಮಾರ್ಕ್ಸ್ ಕಾರ್ಡು ಎಲ್ಲ ಆ ಒಂದು ಇನ್‌ಬಾಕ್ಸಿನಲ್ಲಿ ಬಿದ್ದಿರಬೇಕು. ಬ್ರೌಸರ್ ನಮ್ಮ ಖಾಸಗಿತನ ಕಾಯುತ್ತದೋ ಇಲ್ಲವೋ ಎಂದು ಕೆರೆ ದಂಡೆಯಲ್ಲಿ ಒಂದು ವಾರ ಚರ್ಚೆ ಮಾಡಿದವರೂ ಇಲ್ಲಿ ತಮ್ಮ ಪ್ಯಾನ್ ಕಾರ್ಡ್ ಕಳಿಸಿ, "ಕಲರ್ ಬ್ಯಾಡ, ಬ್ಲ್ಯಾಕ್ ಆಂಡ್ ವೈಟ್ ಸಾಕು" ಎಂದು ಹೇಳಿ ಹೋಗುತ್ತಾರೆ.

ನಾನೂ ಮೇಲ್ ಕಳಿಸಲು ಮೊಬೈಲ್ ತೆಗೆದೆ. ಅಂಗಡಿಯ ಹುಡುಗ ತಲೆ ಎತ್ತದೆ, "ವಾಟ್ಸ್ಯಾಪ್ ಮಾಡ್ರಿ ಅಂಕಲ್. ಮೇಲ್ ಪಾಸ್‌ವರ್ಡ್ ಅಣ್ಣಗ ಗೊತ್ತೈತಿ, ಅಂವ ಊಟಕ್ಕ ಹೋಗ್ಯಾನ" ಎಂದ. ಅವನ ಕಂಪ್ಯೂಟರಿನಲ್ಲಿ ಆ ಹಳೇ ಫಾಂಟ್ ಇತ್ತು. ಪೌಂಡ್‌ಗಳೆಲ್ಲ ಮತ್ತೆ ಕನ್ನಡ ಆದವು. ಓದಿದೆ. ಸ್ವೀಕೃತಿ ಪತ್ರದಲ್ಲಿ ನನ್ನ ಹೆಸರಿಗೆ ಕೊಂಬು ಹಾಗೇ ಇತ್ತು.

ಮೂರು ಪ್ರತಿ ಒಯ್ದು ಕೊಟ್ಟೆ. ಅಳಿಯನೂ ಜೊತೆಗಿದ್ದ. ಗುಮಾಸ್ತರು ಕಾಗದಕ್ಕೆ ತೂತು ಹೊಡೆದು ದಾರ ಪೋಣಿಸಿದರು. ಅವರ ಮೇಜಿನ ಮೇಲೂ ಒಂದು ಕಂಪ್ಯೂಟರ್ ಇತ್ತು. ಪರದೆಗೆ ಆಯುಧ ಪೂಜೆಯ ಕುಂಕುಮ, ಮೂಲೆಗೆ ಒಣಗಿದ ಚೆಂಡು ಹೂವು, ಕೀಬೋರ್ಡ್ ಮೇಲೆ ಕಸೂತಿ ಹಾಕಿದ ಬಟ್ಟೆ. ಕಸೂತಿ ಮಾತ್ರ ಬಹಳ ಚೆಂದ ಇತ್ತು, ಗೋಪುರ, ತೇರು ಎಲ್ಲ ಬಂದಿದ್ದವು. ಬಟ್ಟೆಯ ಮೇಲೆ ಅವರ ಊಟದ ಡಬ್ಬಿ.

"ನಿಮ್ಮ ಅಳಿಯಾ ಏನ್ರೀ? ಕಂಪ್ಯೂಟರ್ ಪಂಪ್ಯೂಟರ್ ಓದ್ತಾನೇನು?" ಎಂದು ಕೇಳಿದರು. ಹೌದೆಂದೆ, ನನ್ನ ಹಳೇ ಡಬ್ಬಕ್ಕೆ ಮಿಂಟ್ ಹಾಕಿದ್ದನ್ನೂ ಹೇಳಿದೆ. "ಇದೂ ದಿನಾ ಚಾಲೂ ಮಾಡಿದ ಕೂಡ್ಲೆ ಹೊಸಾದು ಹಾಕ್ರಿ, ಹೊಸಾದು ಹಾಕ್ರಿ ಅಂತೈತಿ. ನಿಮ್ಮದಕ್ಕ ಹಾಕಿದ್ದು ಇದಕ್ಕೂ ಹಾಕಿ ಕೊಡ್ತೀಯೇನಪಾ?"

ಅಳಿಯನಿಗೆ ಖುಷಿಯಾಯಿತು. ಊಟದ ಡಬ್ಬಿ ಎತ್ತಿ ಬದಿಗಿಟ್ಟ. "ಹಾಕಿ ಕೊಡ್ತೀನ್ರಿ ಕಾಕಾರ. ಬ್ರೌಸರ್ ಯಾವುದು ಹಾಕ್ಲಿ?"

ಗುಮಾಸ್ತರು ದಾರಕ್ಕೆ ಗಂಟು ಹಾಕುತ್ತಾ, "ಯಾವುದರ ಹಾಕಪಾ" ಎಂದರು. "ನಾ ಏನ್ ತೆಗಿಯಾಂವದೀನಿ?"