ದೋರೆಗಾಯಿ ಯಾವ ರಾಶಿಗೆ?

ಅಣ್ಣನ ಮಗಳು ಐದನೆಯ ತರಗತಿ. ‘ಸ್ವಂತ ವಾಕ್ಯದಲ್ಲಿ ಬಳಸಿ’ ಎಂಬ ಪ್ರಶ್ನೆಯಲ್ಲಿ ‘ವಿವೇಕ’ ಎಂಬ ಪದದ ಎದುರು ಅವಳು ಬರೆದದ್ದು: ‘ನನ್ನ ಚಿಕ್ಕಪ್ಪನಿಗೆ ವಿವೇಕ ಇಲ್ಲ.’ ಟೀಚರ್ ಸರಿ ಗುರುತು ಹಾಕಿದ್ದಾರೆ. ವ್ಯಾಕರಣ ನೋಡಿ ಹಾಕಿರಬೇಕು ಎಂದುಕೊಂಡಿದ್ದೇನೆ.

ವಾಕ್ಯದ ಮೂಲ ನನಗೆ ಗೊತ್ತು. ಕಳೆದ ಮಾರ್ಚ್‌ನಲ್ಲಿ ಕೊಡಗಿನ ಸುಂಟಿಕೊಪ್ಪದ ಸುತ್ತಲಿನವರೆಲ್ಲ ಕೆರೆಗೆ ಪಂಪು ಇಳಿಸಿ ಸ್ಪ್ರಿಂಕ್ಲರ್ ತಿರುಗಿಸುತ್ತಿದ್ದಾಗ ನಾನು ಹೂಮಳೆಗೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಮಳೆಗೆ, ಕಾದೆ. ಮಳೆ ಬಂದಿದ್ದರೆ ಡೀಸೆಲ್ ಉಳಿಸಿದ ಜಾಣ ಎನಿಸಿಕೊಳ್ಳುತ್ತಿದ್ದೆ. ಬರಲಿಲ್ಲ. ರೊಬಸ್ಟಾ ಕಾಫಿಯ ಮೊಗ್ಗು ಗಿಡದಲ್ಲೇ ಕರಟಿತು. ಕಾಫಿ ಬೆಳೆಗಾರನ ವಿವೇಕಕ್ಕೆ ಆಕಾಶದ ಸಹಿ ಬೀಳಬೇಕು. ಅದೂ ತಡವಾಗಿ ಬೀಳುತ್ತದೆ.

ಈ ಪದದ ಹಣೆಬರಹವೇ ವಿಚಿತ್ರ. ‘ಅವಿವೇಕಿ’ ಎಂಬ ಬೈಗುಳ ದಿನಕ್ಕೆ ನಾಲ್ಕು ಬಾರಿ ಕಿವಿಗೆ ಬೀಳುತ್ತದೆ. ‘ವಿವೇಕಿ’ ಎಂದು ಒಬ್ಬರನ್ನು ಹೊಗಳಿದ್ದನ್ನು ನಾನು ಕೇಳಿದ್ದು ಶ್ರದ್ಧಾಂಜಲಿ ಸಭೆಯಲ್ಲಿ ಮಾತ್ರ. ಬುದ್ಧಿಯಾದರೆ ಎಲ್ಲ ಕೆಲಸಕ್ಕೂ ಒದಗುತ್ತದೆ. ಅದನ್ನು ಹೇಳಬಹುದು, ಅದು ಕೆಡಬಹುದು, ‘ಬುದ್ಧಿ ಕಲಿಸುತ್ತೇನೆ’ ಎಂದರೆ ಏಟು ಬೀಳುವುದು ಖಚಿತ. ‘ವಿವೇಕ ಕಲಿಸುತ್ತೇನೆ’ ಎಂದು ತೋಳೇರಿಸಿದವರನ್ನು ನಾನು ಕಂಡಿಲ್ಲ. ಅದೇ ಕುಲದ ‘ವಿವೇಚನೆ’ ಮಾತ್ರ ಕಚೇರಿಗಳಲ್ಲಿ ಕಾಯಂ ನೌಕರಿ ಹಿಡಿದಿದೆ. ‘ತಮ್ಮ ವಿವೇಚನೆಗೆ ಬಿಡಲಾಗಿದೆ’ ಎಂಬ ಪತ್ರ ಬಂದರೆ, ಎಡವಟ್ಟಾದಾಗ ಹೊಣೆ ನಿಮ್ಮದೇ ಎಂದು ಓದಿಕೊಳ್ಳಬೇಕು.

ನಿಘಂಟು ತೆರೆದೆ. ಸಂಸ್ಕೃತದ ‘ವಿಚ್’ ಧಾತು, ಬೇರ್ಪಡಿಸು ಎಂದು ಅರ್ಥ. ಹಾಲಿನಿಂದ ನೀರನ್ನು ಬೇರೆ ಮಾಡುವ ಹಂಸವನ್ನು ಪಂಡಿತರು ಇದಕ್ಕೆ ಉದಾಹರಣೆ ಕೊಡುತ್ತಾರೆ. ಅಂಥ ಹಂಸವನ್ನು ನಾನು ನೋಡಿಲ್ಲ. ನಮ್ಮ ಕಣದಲ್ಲಿ ಅರೇಬಿಕಾ ಕಾಫಿ ಹಣ್ಣು ಹೆಕ್ಕುವ ಅಜ್ಜಿಯನ್ನು ನೋಡಿದ್ದೇನೆ.

ಕೆಂಪು ಹಣ್ಣು ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರಿಗೆ, ಹಸಿರು ಕಾಯಿ ಬೇರೆಯಾಗಿ, ಸಿಪ್ಪೆ ಸಮೇತ ಒಣಗಿ ಚೆರ್ರಿಯಾಗಲು ಬಿಸಿಲಿಗೆ. ಕಾಯಿ ಪಲ್ಪರಿಗೆ ಬಿದ್ದರೆ ಸಿಪ್ಪೆ ಸರಿಯಾಗಿ ಬಿಡುವುದಿಲ್ಲ, ಪಾರ್ಚ್‌ಮೆಂಟಿನ, ಅಂದರೆ ಸುಲಿದು ಒಣಗಿಸಿದ ಬೀಜದ, ಗುಣವೂ ಕೆಡುತ್ತದೆ. ಇಷ್ಟು ನನಗೂ ಗೊತ್ತು. ತೊಡಕು ದೋರೆಗಾಯಿಯದು: ಒಂದು ಕೆನ್ನೆ ಕೆಂಪು, ಇನ್ನೊಂದು ಹಳದಿಯೋ ಹಸಿರೋ ಎಂಬಂತೆ.

ಮೊನ್ನೆ ಅಜ್ಜಿ ಅಂಥದ್ದೊಂದನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಕೆಂಪು ರಾಶಿಗೆ ಎಸೆದರು. ಮರುಕ್ಷಣ ತದ್ರೂಪ ಇನ್ನೊಂದನ್ನು ಹಸಿರು ರಾಶಿಗೆ.

‘ಎರಡೂ ಒಂದೇ ತರಹ ಇವೆಯಲ್ಲ, ಅಜ್ಜಿ?’

‘ಅದು ಬೇರೆ, ಇದು ಬೇರೆ’ ಎಂದರು, ತಲೆಯನ್ನೂ ಎತ್ತದೆ.

ನಾನೂ ಪಕ್ಕದಲ್ಲಿ ಕುಳಿತು ಅರ್ಧ ಗಂಟೆ ಹೆಕ್ಕಿದೆ. ಎದ್ದು ಬೆನ್ನು ನೆಟ್ಟಗೆ ಮಾಡಿಕೊಳ್ಳುವಷ್ಟರಲ್ಲಿ ಅಜ್ಜಿ ನನ್ನ ಎರಡೂ ರಾಶಿಗಳನ್ನು ತಮ್ಮ ಕಡೆಗೆ ಎಳೆದುಕೊಂಡು, ಒಟ್ಟಿಗೆ ಕಲಸಿ, ಮೊದಲಿನಿಂದ ಶುರು ಮಾಡಿದ್ದರು. ಅಣ್ಣನ ಮಗಳು ಅಲ್ಲೇ ನಿಂತು ನೋಡುತ್ತಿದ್ದಳು. ಏನೂ ಹೇಳಲಿಲ್ಲ.